ಬೂಟು ಬಿಚ್ಚದ ಊರು

ಒಂದು ನದಿ, ನದಿಯ ಈಚೆ ದಡಕ್ಕೊಂದು ಗುಡ್ಡ, ಗುಡ್ಡದ ಮೇಲೊಂದು ಊರು. ಊರಿನ ಹೆಸರನ್ನು ಬೇಕೆಂತಲೇ ಬಿಟ್ಟಿದ್ದೇನೆ. ಹೇಳಿದರೆ ಅಲ್ಲಿಯ ಗಂಡಸರು ನಾಚಿಕೊಂಡಾರು. ಹೇಳದಿದ್ದರೆ ನಿಮ್ಮೂರೇ ಇರಬಹುದೇನೋ ಎಂದು ನೀವು ಒಂದು ಗಳಿಗೆ ಯೋಚಿಸಬಹುದು. ಯೋಚಿಸಿ, ತಪ್ಪೇನಿಲ್ಲ.

ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಗಂಡಸಾದವನು ಬೂಟು ಬಿಚ್ಚುವಂತಿರಲಿಲ್ಲ.

ಹುಡುಗನ ದನಿ ಒಡೆದ ವರ್ಷ ಅವನಪ್ಪ ಅವನನ್ನು ಚರ್ಚಿನ ಮುಂದಿನ ಕಲ್ಲುಬೆಂಚಿನ ಮೇಲೆ ಕೂರಿಸುತ್ತಿದ್ದ. ಎದುರಿಗೆ ಮಂಡಿಯೂರಿ ಹೊಸ ಬೂಟು ತೊಡಿಸಿ, ದಾರ ಬಿಗಿದು, ಗಂಟಿನ ಮೇಲೆ ಕಾದ ಅರಗು ಸುರಿದು, ಅದು ಆರುವ ಮೊದಲೇ ತನ್ನ ಹೆಬ್ಬೆರಳು ಒತ್ತುತ್ತಿದ್ದ. "ಒಳಗೇನಿದ್ರೂ ಒಳಗೇ ಇರ್ಲಿ" ಎನ್ನುತ್ತಿದ್ದ. "ಆಯ್ತಪ್ಪ" ಎನ್ನುತ್ತಿದ್ದ ಮಗ. ಅಲ್ಲಿಗೆ ಮುಗಿಯಿತು. ಆಮೇಲೆ ಬೂಟಿನಲ್ಲೇ ಊಟ, ಬೂಟಿನಲ್ಲೇ ನಿದ್ದೆ, ಬೂಟಿನಲ್ಲೇ ಮದುವೆ, ಕೊನೆಗೆ ಬೂಟಿನಲ್ಲೇ ಮಣ್ಣು. ಕಾಲು ಬೆಳೆದಾಗ ಬೂಟು ಹೊಲಿಯುವವನು ಬಂದು ಅಲ್ಲಲ್ಲಿ ಹೊಲಿಗೆ ಸಡಿಲಿಸಿ, ಹಳೆಯದರ ಮೇಲೆಯೇ ಹೊಸ ಚರ್ಮ ಹೊದಿಸಿ ಹೋಗುತ್ತಿದ್ದ. ಸವೆದರೆ ಮತ್ತೊಂದು ಪದರ. ಹೀಗೆ ಮುದುಕರ ಬೂಟು ಒರಳುಕಲ್ಲಿನ ಗಾತ್ರಕ್ಕೆ ಬರುತ್ತಿತ್ತು. ಬೂಟು ದಪ್ಪವಾದಷ್ಟೂ ಮರ್ಯಾದೆ ಹೆಚ್ಚು. ಮತ್ತೆ ಸ್ನಾನ ಹೇಗೆ ಎಂದು ಕೇಳಬೇಡಿ. ಕಟ್ಟಳೆ ಎಂದಮೇಲೆ ಹೇಗೆ ಏಕೆ ಎಂದೆಲ್ಲ ಯಾರೂ ಕೇಳುವುದಿಲ್ಲ.

ಬೂಟಿಗೆ ಮೇಲೊಂದು ಬಾಯಿರುತ್ತದಲ್ಲ, ಅದರಿಂದ ಒಳಗೆ ಬಿದ್ದದ್ದು ಒಳಗೇ ಉಳಿಯುತ್ತಿತ್ತು. ಯಾವುದೋ ದುಃಖದ ದಿನ ಒಂದು ಸಣ್ಣ ಕಲ್ಲು ಬೀಳುತ್ತಿತ್ತು. ಅಷ್ಟೇ ಸಾಕು. ಮಾರನೆಯ ದಿನದಿಂದ ಆ ಗಂಡಸು ಕುಂಟುತ್ತಿದ್ದ. ಆದರೆ ಆ ಊರಿನಲ್ಲಿ ಅದನ್ನು ಕುಂಟು ಎನ್ನುತ್ತಿರಲಿಲ್ಲ, ನಡಿಗೆ ಎನ್ನುತ್ತಿದ್ದರು. ಗಿರಣಿಯವನ ಮನೆತನದ್ದು ಎಡಗಾಲು ಎಳೆಯುವ ನಡಿಗೆ. ದೋಣಿಯವನ ಮನೆತನದ್ದು ಕುಪ್ಪಳಿಸುವ ನಡಿಗೆ. ಇನ್ನೂ ಬೂಟು ತೊಡದ ಚಿಕ್ಕ ಹುಡುಗರು ಅಂಗಳದಲ್ಲಿ ಅಪ್ಪನ ಹಿಂದೆ ಅಪ್ಪನ ಹಾಗೇ ಎಳೆದುಕೊಂಡು ಓಡಾಡಿದರೆ ಅಜ್ಜಿಯರು ದೃಷ್ಟಿ ತೆಗೆಯುತ್ತಿದ್ದರು. ಹೆಣ್ಣು ಕೊಡುವವರು ಬಂದರೆ ಮೊದಲು ಕೇಳುತ್ತಿದ್ದುದೇ "ಹುಡುಗನ ನಡಿಗೆ ಹೇಗಿದೆ?" ಎಂದು. ಊರ ಹಿರಿಯನ ನಡಿಗೆಯಂತೂ ನೋಡಲೇಬೇಕಾದ್ದು. ಎರಡೂ ಕಾಲು ಕುಂಟಿಸಿ, ನಡುನಡುವೆ ನಿಂತು, ಗಡ್ಡ ಮೇಲೆತ್ತಿ, ಒಂದು ಸಲ ಹಲ್ಲು ಕಚ್ಚಿ ಅವನು ಬೀದಿಯಲ್ಲಿ ಬರುತ್ತಿದ್ದರೆ ಜನ ಕೈಕೆಲಸ ಬಿಟ್ಟು ಹೊರಬರುತ್ತಿದ್ದರು.

ಮತ್ತೆ ಯಾರಾದರೂ "ಏನಾಯ್ತು?" ಎಂದರೆ ಆ ಊರಿನ ಗಂಡಸರದು ಒಂದೇ ಉತ್ತರ. ಏನಿಲ್ಲ. ತಾಯಿ ಕೇಳಿದರೂ ಏನಿಲ್ಲ, ಹೆಂಡತಿ ಕೇಳಿದರೂ ಏನಿಲ್ಲ, ಪಾಪನಿವೇದನೆಯ ಪೀಠದ ಹಿಂದಿನಿಂದ ಗುರುಗಳು ಕೇಳಿದರೂ ಏನಿಲ್ಲ.

ಈ ಊರಿನ ಚರ್ಚಿನ ಗಂಟೆಗಾರನದು ಬಲಗಾಲಿನ ಹಿಮ್ಮಡಿ ನೆಲಕ್ಕೆ ತಾಗಿಸದ ನಡಿಗೆ. ಅವನ ಅಪ್ಪನೂ ಗಂಟೆಗಾರ, ಅಪ್ಪನದೂ ಅದೇ ನಡಿಗೆ. ಅಪ್ಪನ ಕೊನೆಯ ವರ್ಷ ಏನಾಯಿತೆಂದು ಮಗನಿಗೆ ಚೆನ್ನಾಗಿ ನೆನಪಿತ್ತು. ಪವಿತ್ರ ಗುರುವಾರ ಸುಮ್ಮನಾದ ಗಂಟೆ ಪ್ರಭು ಮರಳಿ ಎದ್ದುಬಂದ ಪಾಸ್ಕ ಹಬ್ಬದ ಭಾನುವಾರ ಸೂರ್ಯ ಮೂಡುವಾಗ ಮತ್ತೆ ಬಾಯಿಬಿಡಬೇಕು. ಅಲ್ಲಿಯವರೆಗೆ ಊರಿಗೆ ಬರೀ ಮರದ ಗಿಲಕಿಯ ಸದ್ದು. ಆ ಗಂಟೆಗೆ ಕೆಳಗಿನವರೆಗೆ ಹಗ್ಗವಿರಲಿಲ್ಲ, ಗೋಪುರ ಹತ್ತಿ ಪಕ್ಕದಲ್ಲೇ ನಿಂತು ಬಾರಿಸಬೇಕಿತ್ತು. ಆ ಭಾನುವಾರ ಊರೆಲ್ಲ ಮೇಣದಬತ್ತಿ ಹಿಡಿದು ಅಂಗಳದಲ್ಲಿ ಕಾಯುತ್ತಿತ್ತು. ಅಪ್ಪ ಗೋಪುರದ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ. "ಏನಾಯ್ತಪ್ಪ?" ಎಂದು ಮಗ ಕೇಳಿದ. "ಏನಿಲ್ಲ" ಎಂದ ಅಪ್ಪ. ಸೂರ್ಯ ಮೇಲೆ ಬಂದ, ಗಂಟೆ ಮೊಳಗಲಿಲ್ಲ, ಜನ ಬತ್ತಿ ಆರಿಸಿಕೊಂಡು ಮನೆಗೆ ಹೋದರು. ಅದೇ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ. ಗುಂಡಿಗೆ ಹಿಡಿಮಣ್ಣು ಹಾಕಲು ಮಗ ಬಗ್ಗಿದಾಗ ಅಂಚು ಕುಸಿದು ಒಂದು ಕಲ್ಲು ಅವನ ಬೂಟಿನೊಳಗೆ ಜಾರಿತು. ಅವನು ಅಳಲಿಲ್ಲ. ಮಾರನೆಯ ದಿನ ಹಿಮ್ಮಡಿ ಎತ್ತಿ ನಡೆದ. ಥೇಟ್ ಅಪ್ಪನ ಹಾಗೇ ಎಂದು ಜನ ಮೆಚ್ಚಿಕೊಂಡರು.

ಆಗ ಅವನಿಗೆ ಮೀಸೆ ಕಪ್ಪಗಿತ್ತು. ಈಗ ನೆರೆತಿತ್ತು. ಕಲ್ಲು ಮಾತ್ರ ಅಲ್ಲೇ ಇತ್ತು. ವರ್ಷದಿಂದ ವರ್ಷಕ್ಕೆ ಗೋಪುರ ಎತ್ತರವಾಗುತ್ತಿದೆಯೇನೋ ಎನಿಸುತ್ತಿತ್ತು ಅವನಿಗೆ. ಒಂಟಿಕಾಲಿನಲ್ಲಿ ವಾಲಿ ನಿಂತು ಬಾರಿಸುವುದರಿಂದ ಗಂಟೆಯ ಸದ್ದೂ ಕುಂಟುತ್ತಿತ್ತು. ಒಂದು ಜೋರು, ಒಂದು ಮೆತ್ತಗೆ. ಈ ವರ್ಷ ಹತ್ತುವುದೇ ಅನುಮಾನವಾಗಿತ್ತು. ಬೇರೆ ಯಾರನ್ನಾದರೂ ಹತ್ತು ಎನ್ನಬಹುದಿತ್ತು. ಆದರೆ ಹಾಗೆನ್ನಬೇಕಾದರೆ ತನ್ನಿಂದ ಆಗುವುದಿಲ್ಲ ಎನ್ನಬೇಕಲ್ಲ! ರಾತ್ರಿಯ ನಿದ್ದೆಯಲ್ಲಿ ಅವನು ನರಳುವುದನ್ನು ಕೇಳಿ ಹೆಂಡತಿ ಬೆಳಗಾಗೆದ್ದು ಕೇಳುತ್ತಿದ್ದಳು, "ಏನಾಯ್ತ್ರೀ?"

"ಏನಿಲ್ಲ."

"ಆ ಏನಿಲ್ಲಾನೇ ನನಗೆ ಸವತಿ ಆಗಿದೆ" ಎಂದು ಅವಳು ಒಲೆ ಊದಲು ಹೋಗುತ್ತಿದ್ದಳು.

ಆ ವರ್ಷ ಊರಿಗೆ ಹೊಸ ಗುರುಗಳು ಬಂದಿದ್ದರು. ನದಿಯ ಆಚೆಯವರು. ಹರಕು ಚಪ್ಪಲಿಯ, ದೊಡ್ಡ ನಗುವಿನ ಮನುಷ್ಯ. ಬಂದು ಇನ್ನೂ ಪೆಟ್ಟಿಗೆಯ ಹಗ್ಗ ಬಿಚ್ಚಿರಲಿಲ್ಲ, ಅಷ್ಟರಲ್ಲಿ ಪವಿತ್ರ ಗುರುವಾರ ಬಂತು. ಪ್ರಭು ತನ್ನ ಶಿಷ್ಯರ ಪಾದ ತೊಳೆದ ದಿನ. ಊರಿನ ಗಂಡಸರು ಹಿಂದಿನ ದಿನವೇ ಬೂಟಿಗೆ ಪಾಲಿಶ್ ಹಾಕಿ ಮಿರಮಿರ ಮಿಂಚಿಸಿಕೊಂಡು ಬಂದು ಸಾಲಾಗಿ ಬೆಂಚಿನ ಮೇಲೆ ಕುಳಿತರು. ಪದ್ಧತಿಯಂತೆ ಗಂಟೆಗಾರ ಮೊದಲನೆಯವನು, ಊರ ಹಿರಿಯ ಕೊನೆಯವನು. ಪ್ರತಿವರ್ಷ ಹಳೆಯ ಗುರುಗಳು ಬೂಟಿನ ಮೇಲೆ ನೀರು ಹನಿಸಿ, ಟವೆಲಿನಲ್ಲಿ ಒರೆಸಿ, ಮುಂದಿನವನ ಮುಂದೆ ಹೋಗುತ್ತಿದ್ದರು; ಆ ಕಪ್ಪಾದ ಟವೆಲನ್ನು ಹೆಂಗಸರು ವಾರವಿಡೀ ಒಗೆಯುತ್ತಿದ್ದರು.

ಹೊಸ ಗುರುಗಳು ಬೆಚ್ಚಗಿನ ನೀರಿನ ಬೋಗುಣಿ ಹಿಡಿದು ಗಂಟೆಗಾರನ ಮುಂದೆ ಮಂಡಿಯೂರಿದರು. ಕಾದರು.

"ಬಿಚ್ಚಪ್ಪ" ಎಂದರು.

"ಏನನ್ನ, ಫಾದರ್?"

"ಬೂಟನ್ನ."

ಬೆಂಚಿನ ಸಾಲಿನ ಗಂಡಸರೆಲ್ಲ ಕಾಲು ಹಿಂದಕ್ಕೆಳೆದುಕೊಂಡರು. ಗಂಟೆಗಾರ ತಗ್ಗಿದ ದನಿಯಲ್ಲಿ, "ನಮ್ಮಲ್ಲಿ ಬಿಚ್ಚೋದಿಲ್ಲ" ಎಂದ.

"ಹಂಗಾದ್ರೆ ನಾನು ಏನು ತೊಳೀಲಿ?"

"ಬೂಟನ್ನೇ. ಮೊದಲಿಂದ್ಲೂ ಹಂಗೇ."

ಗುರುಗಳು ಮಿಂಚುತ್ತಿದ್ದ ಅವನ ಬೂಟು ನೋಡಿದರು. ಆಮೇಲೆ ನಕ್ಕುಬಿಟ್ಟರು. ಗೇಲಿಯ ನಗುವಲ್ಲ, ಮಗು ಏನೋ ಮಾಡಿದಾಗ ಮನೆಮಂದಿ ನಗುತ್ತಾರಲ್ಲ, ಅಂಥದ್ದು. "ಅಯ್ಯೋ ಮಾರಾಯ, ಕಾಲು ತೊಳೆಸ್ಕೊಳ್ಳೋಕೆ ಬೂಟಿಗೆ ಪಾಲಿಶ್ ಹಾಕ್ಕೊಂಡು ಬಂದಿದ್ದೀಯಾ!" ಎಂದರು. ಯಾರೂ ನಗಲಿಲ್ಲ. ಗಂಟೆಗಾರನ ಕಿವಿ ಕೆಂಪಾಯಿತು. "ನನ್ನ ಕಾಲು ನೀವು ಮುಟ್ಟೋದು ಬೇಡ" ಎಂದ.

"ಪ್ರಭು ಕಾಲು ತೊಳೆದ ಮೊದಲನೇ ಗುರುವಾರಾನೂ ಅವರ ಶಿಷ್ಯ, ಒಬ್ಬ ಬೆಸ್ತ, ಹಿಂಗೇ ಹಟ ಮಾಡಿದ್ದ" ಎಂದರು ಗುರುಗಳು. ಅವರು ಏಳಲಿಲ್ಲ. ನೀರು ಆರಿತು, ಮೇಣದಬತ್ತಿ ಕರಗಿತು, ಮಕ್ಕಳು ತೂಕಡಿಸಿದವು. ಕೊನೆಗೆ ಊರ ಹಿರಿಯ ಕೆಮ್ಮಿ ಎದ್ದು ತನ್ನ ಭವ್ಯವಾದ ನಡಿಗೆಯಲ್ಲಿ ಹೊರಗೆ ಹೋದ. ಅವನ ಹಿಂದೆ ಎಲ್ಲ ಗಂಡಸರೂ ತಮ್ಮ ತಮ್ಮ ನಡಿಗೆಯಲ್ಲಿ ಹೋದರು. ಗುರುಗಳು ಬೋಗುಣಿಯನ್ನು ಬಲಿಪೀಠದ ಮೆಟ್ಟಿಲ ಮೇಲಿಟ್ಟು ಕೂಗಿ ಹೇಳಿದರು, "ನೀರು ಇಲ್ಲೇ ಇರತ್ತೆ. ನಾನೂ ಇಲ್ಲೇ ಇರ್ತೀನಿ."

ಮಾರನೆಯ ದಿನ ಶುಭ ಶುಕ್ರವಾರ. ಉಪವಾಸದ ಗಂಜಿ ಹಿಡಿದು ಗಂಡಸರು ಚರ್ಚಿನ ಹುಣಸೆಮರದ ಕೆಳಗೆ ಸೇರಿದರು. ಹಿರಿಯನಿಗೆ ಗಂಜಿ ಇಳಿಯುತ್ತಿರಲಿಲ್ಲ.

"ಹೊಳೆಯಾಚೆಯವರನ್ನ ಬಿಡಿ, ಬೂಟಿಲ್ಲದ ಗಂಡಸನ್ನ ಎಲ್ಲಾದ್ರೂ ನೋಡಿದ್ದೀರೇನ್ರೋ?" ಎಂದ.

"ತೊಟ್ಟಿಲಲ್ಲಿ ನೋಡಿದ್ದೀನಿ, ಮಾವ" ಎಂದ ದೋಣಿಯವನು.

"ಅದು ಗಂಡುಮಗು ಕಣೋ. ನಾನು ಕೇಳಿದ್ದು ಗಂಡಸು."

"ಹಂಗಾದ್ರೆ ಇಲ್ಲ ಬಿಡಿ."

ಎಲ್ಲರೂ ತಲೆಯಾಡಿಸಿದರು. ಇಲ್ಲ, ಅಂಥ ಗಂಡಸನ್ನು ಯಾರೂ ನೋಡಿರಲಿಲ್ಲ. ಆಮೇಲೆ ಶಿಲುಬೆಗೆ ಮುತ್ತಿಡಲು ಸಾಲಾಗಿ ಒಳಗೆ ಹೋದರು. ಮರದಲ್ಲಿ ಕೆತ್ತಿದ ಪ್ರಭುವನ್ನು ಇಳಿಸಿ ಮೆಟ್ಟಿಲ ಮೇಲೆ ಒರಗಿಸಿದ್ದರು. ಗಂಟೆಗಾರನ ಸರದಿ ಬಂತು. ಅವನು ಬಗ್ಗಿದ, ಮೀಸೆ ಒರೆಸಿಕೊಂಡ, ಮುತ್ತಿಟ್ಟ. ಮುತ್ತಿಟ್ಟವನು ಮೇಲೇಳಲೇ ಇಲ್ಲ.

ಅವನ ತುಟಿಯ ಕೆಳಗೆ ಇದ್ದದ್ದು ಬರಿಗಾಲು.

ಚಿಕ್ಕಂದಿನಿಂದ ವರ್ಷಾವರ್ಷ ಅದೇ ಜಾಗಕ್ಕೆ ಮುತ್ತಿಟ್ಟಿದ್ದ. ಬೆರಳು, ಹಿಮ್ಮಡಿ, ನಡುವೆ ಮೊಳೆ ಹೊಕ್ಕ ಗಾಯ, ಎಲ್ಲವೂ ಎಲ್ಲರೆದುರಿಗೆ ತೆರೆದೇ ಇತ್ತು. ಗಾಯ ಮುಚ್ಚಿಟ್ಟಿರಲಿಲ್ಲ. ಏನಿಲ್ಲ ಎಂದಿರಲಿಲ್ಲ. ನೋವಾದಾಗ ಈ ಗಂಡಸು ಗಟ್ಟಿಯಾಗಿ ಕೂಗಿದನೆಂದು ಆ ಮಧ್ಯಾಹ್ನವಷ್ಟೇ ಓದಿದ ವಾಚನದಲ್ಲಿ ಬಂದಿತ್ತು. ಅದನ್ನೂ ಎಷ್ಟೋ ವರ್ಷದಿಂದ ಕೇಳಿದ್ದ. ಕಿವಿಗೆ ಬಿದ್ದಿತ್ತು, ಒಳಗೆ ಹೋಗಿರಲಿಲ್ಲ.

"ಏನಣ್ಣ, ನಿದ್ದೆ ಬಂತಾ?" ಎಂದು ಹಿಂದಿನಿಂದ ಗಿರಣಿಯವನು ತಿವಿದ. ಗಂಟೆಗಾರ ಎದ್ದು ಮನೆಗೆ ಹೋದ. ಹೋಗುವಾಗ ಓರೆಗಣ್ಣಿನಲ್ಲಿ ನೋಡಿದ. ಬೋಗುಣಿ ಅಲ್ಲೇ ಇತ್ತು, ಪಕ್ಕದಲ್ಲಿ ಗುರುಗಳು ನೆಲದ ಮೇಲೆ ಕುಳಿತಿದ್ದರು.

ಶನಿವಾರ ಮಧ್ಯಾಹ್ನ ಗಂಟೆಗೆ ಎಣ್ಣೆ ಬಿಡಬೇಕಿತ್ತು. ಗಂಟೆಗಾರ ಎಣ್ಣೆಯ ಗಿಂಡಿ ಹಿಡಿದು ಗೋಪುರ ಹತ್ತಿದ. ಮೊದಲ ತಿರುವು ದಾಟಿದ. ಎರಡನೆಯ ತಿರುವಿನಲ್ಲಿ ಒಂದು ಸಣ್ಣ ಕಿಟಕಿ, ಅದರಾಚೆ ಸ್ಮಶಾನ, ಸ್ಮಶಾನದಲ್ಲಿ ಅಪ್ಪನ ಶಿಲುಬೆ. ಅಲ್ಲಿ ಕಾಲು ನಿಂತುಬಿಟ್ಟಿತು. ಬೈದ, ಬೇಡಿದ, ಕೈಯಲ್ಲಿ ಎತ್ತಿ ಮೇಲಿನ ಮೆಟ್ಟಿಲ ಮೇಲಿಟ್ಟ. ಕಾಲು ಬಗ್ಗಲಿಲ್ಲ. ನಾಳೆ ಬೆಳಿಗ್ಗೆ ಊರೆಲ್ಲ ಬತ್ತಿ ಹಿಡಿದು ಅಂಗಳದಲ್ಲಿ ನಿಂತಿರುತ್ತದೆ, ತಾನು ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿರುತ್ತೇನೆ, ಕೇಳಿದವರಿಗೆಲ್ಲ ಏನಿಲ್ಲ ಎನ್ನುತ್ತಿರುತ್ತೇನೆ. ಅದು ಅವನ ಕಣ್ಣಿಗೆ ಕಟ್ಟಿತು.

ಇಳಿಯಲೂ ಆಗಲಿಲ್ಲ. ಕೊನೆಗೆ ಚಿಕ್ಕಮಕ್ಕಳ ಹಾಗೆ ಕುಂಡೆಯ ಮೇಲೆ ಒಂದೊಂದೇ ಮೆಟ್ಟಿಲು ಜಾರುತ್ತ ಬಂದ. ಕೆಳಗೆ ಬಾಗಿಲಲ್ಲಿ ಗುರುಗಳು ನಿಂತಿದ್ದರು. ಎಣ್ಣೆ ಚೆಲ್ಲಿ ಅವನ ಪ್ಯಾಂಟೆಲ್ಲ ಹೊಳೆಯುತ್ತಿತ್ತು.

"ಏನಾಯ್ತು?" ಎಂದರು ಗುರುಗಳು.

"ಏನ್..." ಎಂದ ಗಂಟೆಗಾರ. ಮುಂದಿನ ಅರ್ಧ ಬರಲಿಲ್ಲ. ಆಮೇಲೆ ಅವನ ಊರಿನಲ್ಲಿ ಯಾವ ಗಂಡಸೂ ಆಡದ ಮಾತು ಆಡಿದ. "ಕಲ್ಲಿದೆ, ಫಾದರ್. ಒಳಗೆ ಕಲ್ಲಿದೆ. ತುಂಬಾ ನೋಯ್ತದೆ."

ಗುರುಗಳು ಅವನ ತೋಳಿಗೆ ಹೆಗಲು ಕೊಟ್ಟು ಬಲಿಪೀಠದ ಮೆಟ್ಟಿಲವರೆಗೆ ತಂದು ಕೂರಿಸಿದರು. ಬೂಟು ಕೊಯ್ಯಲು ಚಾಕು ತಂದರು, ಚಾಕು ಮುರಿಯಿತು. ಕತ್ತರಿ ತಂದರು, ಕತ್ತರಿ ಬಾಗಿತು. ಅಷ್ಟರಲ್ಲಿ ಹೂವು ಜೋಡಿಸಲು ಬಂದಿದ್ದ ಗಂಟೆಗಾರನ ಹೆಂಡತಿ ಇದನ್ನು ನೋಡಿದಳು. ಏನೂ ಕೇಳಲಿಲ್ಲ. ಸೀರೆ ಎತ್ತಿಕಟ್ಟಿ ಮನೆಗೆ ಓಡಿದವಳು ಈಳಿಗೆ ಮಣೆ ಹೊತ್ತು ತಂದಳು. ಮಣೆಯ ಮೇಲೆ ಕುಳಿತು, ಗಂಡನ ಕಾಲನ್ನು ಎಳೆದುಕೊಂಡು, ಹಲಸಿನಹಣ್ಣು ಹೆಚ್ಚುವ ಹಾಗೆ ಬೂಟು ಹೆಚ್ಚತೊಡಗಿದಳು.

"ಹುಷಾರು ಕಣೇ, ಒಳಗೆ ಕಾಲಿದೆ!"

"ಇದೆಯೋ ಇಲ್ವೋ ನೋಡೇಬಿಡೋಣ ಸುಮ್ನಿರಿ. ಮದುವೆಯಾದಾಗಿಂದ ನೋಡಿಲ್ಲ ನಾನು."

ಒಂದು ಪದರ ಬಿತ್ತು, ಇನ್ನೊಂದು ಬಿತ್ತು. ಮದುವೆಯ ವರ್ಷದ ಚರ್ಮ, ಅದರ ಕೆಳಗೆ ಅಪ್ಪ ಸತ್ತ ವರ್ಷದ್ದು, ಎಲ್ಲಕ್ಕಿಂತ ಒಳಗೆ ಹುಡುಗನಾಗಿದ್ದಾಗಿನ ಬೂಟು. ಅದರ ದಾರದ ಗಂಟಿನ ಮೇಲೆ ಕೆಂಪು ಅರಗು, ಅರಗಿನಲ್ಲಿ ಅಪ್ಪನ ಹೆಬ್ಬೆರಳು ಗೆರೆಗೆರೆಯಾಗಿ ಇನ್ನೂ ಉಳಿದಿತ್ತು. ಹೆಂಡತಿ ಕೈ ತಡೆದಳು. ಗಂಟೆಗಾರ ತನ್ನ ಹೆಬ್ಬೆರಳನ್ನು ಆ ಗುರುತಿನ ಮೇಲಿಟ್ಟ. ಸರಿಯಾಗಿ ಕೂತಿತು. ಅವನೇ ಒತ್ತಿ ಅದನ್ನು ಒಡೆದ.

ಬೂಟು ಕಳಚಿತು. ಬೆಳ್ಳಗೆ, ಸುಕ್ಕುಸುಕ್ಕಾಗಿ, ಈಗಷ್ಟೇ ಹುಟ್ಟಿದಂತಹ ಒಂದು ಕಾಲು ಹೊರಬಂತು. ಕಲ್ಲು ನೆಲದ ಮೇಲೆ ಟಣ್ ಎಂದು ಬಿದ್ದು ಉರುಳಿತು. ತೊಗರಿಕಾಳಿನಷ್ಟಿತ್ತು. ಮೂವರೂ ಅದನ್ನು ನೋಡಿದರು.

"ಇಷ್ಟೇನಾ?" ಎಂದಳು ಹೆಂಡತಿ.

"ಇಷ್ಟೇ" ಎಂದ ಗಂಟೆಗಾರ. ನಗಲು ಹೋದವನು ಅತ್ತ. ಎಲ್ಲೋ ದೂರದಿಂದ ಬಂದಂತೆ, ಅಪ್ಪಾ, ಅಪ್ಪಾ ಎಂದು, ಗುಂಡಿಯ ಅಂಚಿನಲ್ಲಿ ಅಳಬೇಕಾಗಿದ್ದ ಅಳುವನ್ನೆಲ್ಲ ಅಲ್ಲಿ ಕುಳಿತು ಅತ್ತ. ಗುರುಗಳು ನೀರು ಹಾಕಿ ಬೆರಳಿನ ಸಂದಿಯನ್ನೂ ಬಿಡದೆ ತೊಳೆದರು. ಹೆಂಡತಿ ಟವೆಲು ಹಿಡಿದಳು. ಎಡಗಾಲಿನದನ್ನೂ ಹೆಚ್ಚಿದರು, ಅದರಲ್ಲಿ ಕಲ್ಲಿರಲಿಲ್ಲ, ಚಿಕ್ಕಂದಿನಲ್ಲಿ ಕಳೆದಿದ್ದ ಒಂದು ಗೋಲಿ ಇತ್ತು. ಅದನ್ನು ನೋಡಿ ಅವನಿಗೆ ಅಳುವಿನ ನಡುವೆಯೇ ನಗು ಬಂತು.

"ನಿಮ್ಮ ಕಾಲಲ್ಲಿ ಕಲ್ಲಿರಲಿಲ್ವಾ, ಫಾದರ್?" ಎಂದು ಮೂಗು ಒರೆಸಿಕೊಳ್ಳುತ್ತ ಕೇಳಿದ.

"ಇತ್ತಪ್ಪ. ನನ್ನ ತಮ್ಮ ಹೊಳೇಲಿ ಮುಳುಗಿದ ದಿನ ಬಿದ್ದಿದ್ದು. ಒಬ್ಬ ಮುದಿ ಗುರುಗಳು ತೆಗೆದ್ರು. ಕಲ್ಲು ಬೀಳದ ಕಾಲು ಯಾರದ್ದಿದೆ? ಆದ್ರೆ ಅದನ್ನ ತನ್ನ ಕೈಯಾರೆ ತಾನೇ ತೆಗ್ಕೊಂಡವನನ್ನ ನಾನಂತೂ ನೋಡಿಲ್ಲ" ಎಂದ ಗುರುಗಳು ಚಪ್ಪಲಿ ಕಳಚಿ ಕಾಲು ಮುಂದೆ ಚಾಚಿದರು. "ಈಗ ನನ್ನದನ್ನ ತೊಳಿ. ಬೆಳಗಿಂದ ಧೂಳಲ್ಲಿ ಓಡಾಡಿದ್ದೀನಿ."

ಭಾನುವಾರ ಬೆಳಗಾಗುವ ಹೊತ್ತಿಗೆ ಊರು ಅಂಗಳದಲ್ಲಿ ನೆರೆದಿತ್ತು. ಹಿಂದಿನ ಸಂಜೆಯೇ ಸುದ್ದಿ ಮನೆಮನೆಗೂ ಹೋಗಿತ್ತು, ಯಾರೂ ನಂಬಿರಲಿಲ್ಲ. ಗಂಟೆಗಾರ ಬಂದ. ಬರಿಗಾಲು. ಜನ ಕಣ್ಣು ಕಣ್ಣು ಬಿಟ್ಟರು. ಕೆಲವು ಗಂಡಸರು ಮುಖ ಆಚೆ ತಿರುಗಿಸಿದರು. ಅವನು ಗೋಪುರದ ಮೊದಲ ಮೆಟ್ಟಿಲ ಮೇಲೆ, ಅಪ್ಪ ನಿಂತ ಜಾಗದಲ್ಲೇ, ಒಂದು ಕಾಲಿಟ್ಟ. ಕಲ್ಲು ತಣ್ಣಗಿತ್ತು. ಕಲ್ಲು ತಣ್ಣಗಿರುತ್ತದೆಂಬುದನ್ನೇ ಅವನು ಮರೆತಿದ್ದ! ಇನ್ನೊಂದು ಕಾಲಿಟ್ಟ. ಆಮೇಲೆ ಓಡಿದ. ತಿರುವು ಬಂತು ಓಡಿದ, ಕಿಟಕಿ ಬಂತು ಓಡಿದ, ಪಾರಿವಾಳಗಳು ಹೆದರಿ ಹಾರಿದವು. ಮೇಲೆ ಎರಡೂ ಪಾದ ಊರಿ ನೆಟ್ಟಗೆ ನಿಂತು ಗಂಟೆಯ ಹಗ್ಗಕ್ಕೆ ಕೈಹಾಕಿದ.

ಗಂಟೆ ಕುಂಟಲಿಲ್ಲ. ಒಂದರ ಹಿಂದೊಂದು, ಒಂದರಷ್ಟೇ ಇನ್ನೊಂದು, ತುಂಬಿ ತುಂಬಿ ಬಂತು. ಹುಣಸೆಮರ ಕೇಳಿತು, ಹೊಳೆ ಕೇಳಿತು, ಹೊಳೆಯಾಚೆಯವರು ಎದ್ದು ಕುಳಿತು ಕೇಳಿದರು. ಅಂಗಳದಲ್ಲಿ ಹೆಂಗಸರು ಅಲ್ಲೆಲೂಯಾ ಹಾಡು ಎತ್ತಿಕೊಂಡರು. ದೋಣಿಯವನು ಗಿರಣಿಯವನನ್ನು ನೋಡಿದ. ಗಿರಣಿಯವನು ನೆಲ ನೋಡಿದ.

"ನಿನಗೂ ಇದೆಯೇನೋ?" ಎಂದ ದೋಣಿಯವನು.

"ಮೊದಲನೇ ಮಗು ಹೋಯ್ತಲ್ಲ, ಅವತ್ತಿಂದ" ಎಂದ ಗಿರಣಿಯವನು. ಹೇಳಿದ ಮೇಲೆ ತಾನೇ ಬೆಚ್ಚಿದ. ಅವನ ಹೆಂಡತಿ ಬಂದು ಅವನ ಕೈ ಹಿಡಿದಳು. ಅವನೂ ಆ ಮಗುವನ್ನು ನೆನೆಯುತ್ತಾನೆಂದು ಅವಳಿಗೆ ಅವತ್ತೇ ಗೊತ್ತಾದದ್ದು.

ಊರಿನ ಈಳಿಗೆ ಮಣೆಗಳೆಲ್ಲ ಚರ್ಚಿಗೆ ಬಂದವು. ಬೆಂಚಿನ ಸಾಲು ಹಾಕಿದರು, ನೀರು ಕಾಯಿಸಿದರು. ಗಂಟೆಗಾರ ಗೋಪುರದಿಂದ ಇಳಿದು ಬಂದು ಗುರುಗಳ ಪಕ್ಕದಲ್ಲೇ ಮಂಡಿಯೂರಿದ. ಟಣ್, ಟಣ್ ಎಂದು ಕಲ್ಲುಗಳು ಬಿದ್ದವು. ಪಾಸ್ಕ ಹಬ್ಬದ ಪಲ್ಯಕ್ಕೆ ಹೆಚ್ಚಬೇಕಿದ್ದ ತರಕಾರಿ ಹಾಗೇ ಉಳಿಯಿತು, ಯಾರೂ ಬೇಸರಪಡಲಿಲ್ಲ. ಗಂಡಸರು ಎಳೆಕಂದಮ್ಮಗಳ ಹಾಗೆ ತಮ್ಮ ಬೆರಳನ್ನು ತಾವೇ ಅಲ್ಲಾಡಿಸಿ ನೋಡಿಕೊಂಡರು.

ಕೊನೆಗೆ ಊರ ಹಿರಿಯನೊಬ್ಬನೇ ಉಳಿದ. ಒರಳುಕಲ್ಲಿನಂಥ ಬೂಟುಗಳನ್ನು ನೆಲಕ್ಕೂರಿ ಬೆಂಚಿನ ತುದಿಯಲ್ಲಿ ಕುಳಿತೇ ಇದ್ದ. ಗಂಟೆಗಾರ ಬೋಗುಣಿ ಹಿಡಿದು ಅವನೆದುರು ಬಂದ.

"ಮಾವ, ಕಾಲು ಕೊಡಿ."

"ಬೇಡ ಕಣಯ್ಯ." ಹಿರಿಯ ಗಡ್ಡ ನೀವಿಕೊಂಡ. ಗಂಟೆಗಾರನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ, "ನನಗೊಂದು ಹೆದರಿಕೆ ಇದೆ. ಯಾರಿಗೂ ಹೇಳಿಲ್ಲ."

"ಅದನ್ನ ಹೇಳೋಕೇ ಇವತ್ತು ಕೂತಿರೋದು. ಕೊಡಿ."

ಬೂಟು ಹೆಚ್ಚಲು ಊರಿನ ಹೆಂಗಸರೆಲ್ಲ ಸರದಿಯಲ್ಲಿ ಕೂರಬೇಕಾಯಿತು. ಚರ್ಮದ ರಾಶಿಯೇ ಬಿತ್ತು. ಕೊನೆಯ ಪದರ ಕಳಚಿದಾಗ ಎಲ್ಲರೂ ಬಗ್ಗಿ ಟಣ್ ಎನ್ನುವುದನ್ನು ಕೇಳಲು ಕಿವಿಗೊಟ್ಟರು. ಏನೂ ಕೇಳಲಿಲ್ಲ. ಬೂಟನ್ನು ತಲೆಕೆಳಗು ಮಾಡಿ ಕೊಡವಿದರು. ಇನ್ನೊಂದನ್ನೂ ಕೊಡವಿದರು. ಎರಡರಲ್ಲೂ ಕಲ್ಲೇ ಇರಲಿಲ್ಲ.

"ಮತ್ತೆ ಕುಂಟ್ತಿದ್ರಲ್ಲ, ಮಾವ!"

"ನಮ್ಮಪ್ಪ ಕುಂಟ್ತಿದ್ರು" ಎಂದ ಹಿರಿಯ ಮುಖ ಮುಚ್ಚಿಕೊಂಡು. "ಊರವರೆಲ್ಲ ಕುಂಟ್ತಿದ್ರು. ನಾನೊಬ್ಬ ನೆಟ್ಟಗೆ ನಡೆದ್ರೆ ಗಂಡಸಲ್ಲ ಅಂತೀರೇನೋ ಅಂತ... ಬರ್ತಾ ಬರ್ತಾ ಅದೇ ರೂಢಿ ಆಗೋಯ್ತು."

ಮೊದಲು ನಕ್ಕವನು ಹಿರಿಯನೇ. ಗಡ್ಡ ಅಲುಗಾಡುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗಂಟೆಗಾರ ಅವನ ಪಾದ ತೊಳೆದ. ಇಡೀ ಊರಿನಲ್ಲಿ ಅಷ್ಟು ಚೆಂದದ, ಗಾಯವಿಲ್ಲದ ಪಾದ ಬೇರೆ ಇರಲಿಲ್ಲ. ಹಿರಿಯ ಎದ್ದು ಒಂದು ಹೆಜ್ಜೆ ಇಟ್ಟ, ಎರಡು ಹೆಜ್ಜೆ ಇಟ್ಟ, ಹಳೆಯ ರೂಢಿಯಿಂದ ಒಮ್ಮೆ ಕುಂಟಿದ, ತಪ್ಪಾಯಿತೆಂದು ನಾಲಿಗೆ ಕಚ್ಚಿಕೊಂಡ, ಮತ್ತೆ ನೆಟ್ಟಗೆ ನಡೆದ. ಯಾರೋ ಡೋಲು ಬಡಿದರು. ಅವನು ಕುಣಿದೇಬಿಟ್ಟ.

ಅವತ್ತು ಹಬ್ಬದೂಟ ಸಂಜೆಗೆ ಆಯಿತು. ಊಟವಾದ ಮೇಲೆ ಗಂಟೆಗಾರ ಮನೆಯ ಮುಂದಿನ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದ. ಬಿಸಿಲಿಳಿದಿತ್ತು, ಗಾಳಿ ಬೆರಳುಗಳ ಸಂದಿಯಲ್ಲಿ ಹೋಗಿಬರುತ್ತಿತ್ತು. ಅಂಗೈಯಲ್ಲಿ ತೊಗರಿಕಾಳಿನಷ್ಟು ಚಿಕ್ಕ ಆ ಕಲ್ಲಿತ್ತು. ಹೆಂಡತಿ ಅಂಗಳದಲ್ಲಿ ಚರ್ಚಿನ ಟವೆಲುಗಳನ್ನು ಒಗೆದು ಹರವುತ್ತಿದ್ದಳು. ಈ ಸಲ ಅವು ಒಂದೇ ನೀರಿಗೆ ಬೆಳ್ಳಗಾಗಿದ್ದವು. ಅವನು ಸುಮ್ಮನಾದದ್ದನ್ನು ನೋಡಿ ಕೇಳಿದಳು.

"ಏನಾಯ್ತ್ರೀ?"

ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ಅವನು ಅದನ್ನು ಅಲ್ಲೇ ಬಿಟ್ಟು, ಪಕ್ಕಕ್ಕೆ ಸರಿದು, ಜಗಲಿಯಲ್ಲಿ ಜಾಗ ಮಾಡಿದ.

"ಅಪ್ಪ ನೆನಪಾದ್ರು ಕಣೇ. ಬಾ, ಕೂತ್ಕೋ. ಹೇಳ್ತೀನಿ."

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಕುಳಿತಳು.